ಹೊಸ ಮಂಡಿ, ನನ್ನದೇ ರಕ್ತ

ನಡೆದೆ ಕಣ್ರೀ! ಹೊಸ ಮಂಡಿ ಮೇಲೆ ಭಾರ ಹಾಕಿ, ವಾಕರ್ ಹಿಡಿದು, ದೊಡ್ಡಬಳ್ಳಾಪುರದ ನಮ್ಮ ಮನೆ ಹೊಸಿಲನ್ನ ನಾನೇ ದಾಟಿದೆ. ಬೇರೆಯವರ ರಕ್ತ ಒಂದು ತೊಟ್ಟೂ ಏರಿಸಿಕೊಳ್ಳದೆ.

ಅದೇನು ದೊಡ್ಡ ವಿಷಯ ಅಂತೀರಾ? ಪವರ್‌ಲೂಮ್ ಮುಂದೆ ನಿಂತೂ ನಿಂತೂ ಮಂಡಿ ಸವೆಸಿಕೊಂಡವಳು ನಾನು. ಜೊತೆಗೆ ಮೈಯಲ್ಲಿ ರಕ್ತ ಕಮ್ಮಿ. ಮಂಡಿ ಬದಲಾಯಿಸೋ ಆಪರೇಷನ್‌ಗೆ ಮೊದಲು ಡಾಕ್ಟ್ರು ಮಾತ್ರೆ ಕೊಟ್ಟು ರಕ್ತ ಹೆಚ್ಚಿಸಿದರು. ಆದರೂ ಯಾವುದಕ್ಕೂ ಇರಲಿ, ರಕ್ತ ಕೊಡೋರು ಒಂದಿಬ್ಬರನ್ನ ಕರೆಸಿ ಅಂದರು.

ರಕ್ತ ಹೋಗಿ ನಾನೂ ಹೋಗಿಬಿಟ್ಟರೆ? ಮೊಮ್ಮಗಳು ಬಸುರಿ. ಮರಿಮಗುವಿಗೆ ನೀರು ಹಾಕೋರು ಯಾರು?

ನನ್ನ ಮೈದುನ ಮಂಜಣ್ಣನಿಗೆ ‘ಒಂದಿಬ್ಬರು’ ಅಂದದ್ದು ಕಿವಿಗೇ ಬೀಳಲಿಲ್ಲ. ಮಗ್ಗ ನಿಲ್ಲಿಸಿ ಟೆಂಪೋ ತುಂಬ ನೆಂಟರನ್ನ ತಂದ. ಅದೂ ಉಪವಾಸ. ದೇವರ ಕೆಲಸ ಅನ್ನೋ ಹಾಗೆ ತಲೆಗೆ ನೀರು ಹಾಕ್ಕೊಂಡು, ಕಾಫಿ ಕೂಡ ಕುಡಿಯದೆ ಬಂದಿದ್ದರು. ಹಸಿದ ಹೊಟ್ಟೇಲಿ ರಕ್ತ ಕೊಟ್ಟರೆ ತಲೆ ಸುತ್ತಿ ಬೀಳ್ತೀರಿ ಅಂತ ನರ್ಸಮ್ಮ ಅಷ್ಟೂ ಜನಾನ ಇಡ್ಲಿ ತಿನ್ನೋಕೆ ಅಟ್ಟಿದಳಂತೆ.

ಒಳಗೆ ನನಗೊಂದು ಇಂಜೆಕ್ಷನ್ ರೆಡಿ ಇತ್ತು. ಇದು ರಕ್ತ ಹೋಗೋದನ್ನ ಕಮ್ಮಿ ಮಾಡುತ್ತೆ ಅಂದರು ಡಾಕ್ಟ್ರು. ಅದು ಹೇಗೆ ಅಂತ ಕೇಳಿಯೇಬಿಟ್ಟೆ.

“ಎಳೆ ಕಡಿದರೆ ಗಂಟು ಹಾಕ್ತೀರಲ್ಲಮ್ಮ, ಮೈಯೂ ಹಾಗೇ ರಕ್ತ ಹೆಪ್ಪುಗಟ್ಟಿಸುತ್ತೆ. ಆಮೇಲೆ ತಾನೇ ಆ ಗಂಟು ಬಿಚ್ಚುತ್ತೆ. ಈ ಔಷಧಿ, ಈಗಲೇ ಬಿಚ್ಚಬೇಡ ಅಂತ ತಡೆಯುತ್ತೆ.”

ಇಷ್ಟೇನಾ? ಓದು ಹತ್ತದ ನನಗೂ ಅರ್ಥವಾಯ್ತಲ್ಲ! (ಎಲ್ಲರಿಗೂ ಕೊಡಲ್ವಂತೆ. ಲಕ್ವ ಹೊಡೆದಿತ್ತಾ, ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತಾ, ಫಿಟ್ಸ್ ಬಂದಿತ್ತಾ ಅಂತ ಮೊದಲೇ ಕೇಳಿದ್ದರು. ನಿಮ್ಮನ್ನ ಕೇಳಿದರೆ ಮುಚ್ಚಿಡಬೇಡಿ.)

ಆಪರೇಷನ್ ಮುಗೀತು. ಹೊರಗಿನ ರಕ್ತ ಬೇಕಾಗಲೇ ಇಲ್ಲ. ಇಡ್ಲಿ ತಿಂದು ರಕ್ತ ಕೊಟ್ಟು ಬಂದ ಮಂಜಣ್ಣ ಮುಖ ಊದಿಸಿಕೊಂಡ.

“ಯಾಕತ್ತಿಗೆ, ನನ್ನ ರಕ್ತ ಅಷ್ಟು ಕೆಟ್ಟದಾ?”

“ನಿನ್ನದು ಏರಿಸಿದ್ರೆ ನಾನೂ ನಿನ್ನಂಗೇ ಗೊರಕೆ ಹೊಡೀತಿದ್ದೆ ಕಣಪ್ಪ, ಸುಮ್ನಿರು.”

ಮನೆಗೆ ಬಂದ ದಿನ ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಮುದ್ದೆ, ಬಸ್ಸಾರು. ನಾನು ಕುರ್ಚಿ ಮೇಲೆ, ಮೊಮ್ಮಗಳು ಪಕ್ಕದಲ್ಲಿ. ಮಂಜಣ್ಣನ ರಕ್ತ ಬ್ಲಡ್ ಬ್ಯಾಂಕಲ್ಲಿದೆಯಂತೆ, ಇನ್ಯಾರಿಗೋ ಆಗುತ್ತಂತೆ.

ಆ ಇನ್ಯಾರೋ ಸಂಬಂಧದಲ್ಲಿ ನಮಗೆ ಏನಾಗಬೇಕು, ನೀವೇ ಹೇಳಿ?