ನೆಗೆಣ್ಣಿಯ ತುರುಬು

ಇವತ್ತು ಬೆಳಿಗ್ಗೆ ಸೋಫಾ ಸರಿಸಿ ಕಸ ಗುಡಿಸುವಾಗ ಪೊರಕೆಗೆ ಸಿಕ್ಕಿಕೊಂಡು ಒಂದು ಪಿನ್ನು ಬಂತು. ತುರುಬಿಗೆ ಚುಚ್ಚುತ್ತಾರಲ್ಲ, ಎರಡು ಕಾಲಿನ ಕರಿ ಪಿನ್ನು, ಅದು. ನನ್ನದಲ್ಲ. ಪಿನ್ನು ಚುಚ್ಚಿದರೆ ನಿಲ್ಲುವಷ್ಟು ಕೂದಲು ನನ್ನ ತಲೆಯಲ್ಲಿ ಉಳಿದಿದ್ದರೆ ನಿಮ್ಮ ಮುಂದೆ ಈ ಪುರಾಣ ತೆಗೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಅದು ನನ್ನ ನೆಗೆಣ್ಣಿ ರೇಣುಕಾಳದು. ನೆಗೆಣ್ಣಿ ಅಂದರೆ ಮೈದುನನ ಹೆಂಡತಿ. ಮೈಸೂರು ಕಡೆಯವರು ವಾರಗಿತ್ತಿ ಅನ್ನುತ್ತಾರೆ. ಏನೆಂದು ಕರೆದರೂ ಹೊಟ್ಟೆಕಿಚ್ಚು ಮಾತ್ರ ಒಂದೇ.

ನಮ್ಮದು ರಾಯಚೂರು ಕಡೆಯ ಮನೆತನ. ಅಣ್ಣತಮ್ಮಂದಿರಿಬ್ಬರೂ ಹೊಟ್ಟೆಪಾಡಿಗೆ ಹೈದರಾಬಾದಿಗೆ ಬಂದವರು. ಕೂಕಟ್‌ಪಲ್ಲಿಯ ಒಂದೇ ಕಟ್ಟಡದಲ್ಲಿ ನಾವು ಮೇಲೆ, ಅವರು ಕೆಳಗೆ. ನನ್ನ ಯಜಮಾನರಿಗೆ ಬಾಲಾನಗರದ ಕಾರ್ಖಾನೆ. ರೇಣುಕಾ ದಿನಾ ಮೆಟ್ರೋ ಹತ್ತಿ ಬೇಗಂಪೇಟೆಯ ಆಫೀಸಿಗೆ ಹೋಗುತ್ತಾಳೆ. ಹೋಗುವ ಮುಂಚೆ ಐದೇ ನಿಮಿಷ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ಬಾಗಿಲು ತೆಗೆದಾಗ ಕತ್ತಿನ ಮೇಲೆ ತುರುಬು ಕೂತಿರುತ್ತದೆ. ಅಯ್ಯೋ, ಎಂಥಾ ತುರುಬು ಅಂತೀರಿ! ಬಿಗಿಯೂ ಅಲ್ಲ, ಸಡಿಲವೂ ಅಲ್ಲ. ಕಿವಿಯ ಪಕ್ಕ ನಾಲ್ಕು ಕೂದಲು ಬೇಕಂತಲೇ ಬಿಟ್ಟದ್ದು, ಹಿಂದೆ ತುಂಬಿದ ಬೆಲ್ಲದಚ್ಚಿನ ಹಾಗೆ ಗುಂಡಗೆ ಕೂತದ್ದು. ಸಂಜೆ ಮೆಟ್ರೋದ ನೂಕುನುಗ್ಗಲಿನಿಂದ ಇಳಿದು ಬಂದಾಗಲೂ ಹಾಗೇ ಇರುತ್ತದೆ. ಮನುಷ್ಯರ ತಲೆಗೂದಲಿಗೆ ಅಷ್ಟು ಶಿಸ್ತು ಇರಬಾರದು ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಸಂಕಟ ಕೇಳಿ. ಅವಳ ಹಣೆಯ ಅಂಚಿನಲ್ಲಿ ಅಲ್ಲಲ್ಲಿ ಬೆಳ್ಳಿ ಎಳೆ ಕಾಣಿಸಿಕೊಂಡರೂ ತುರುಬು ಮಾತ್ರ ಕಾಡಿಗೆಗಪ್ಪು. ಬಣ್ಣ ಹಚ್ಚುತ್ತಾಳೆ, ಯಾವ ಬಣ್ಣ ಅಂತ ಹೇಳುವುದಿಲ್ಲ ಕಳ್ಳಿ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ.

ಎದುರು ಮನೆಯ ತೆಲುಗು ಆಂಟಿ ಬೆಂಕಿಗೆ ಗಾಳಿ ಹಾಕುವುದರಲ್ಲಿ ಎತ್ತಿದ ಕೈ. "ಮೀ ತೋಡಿಕೋಡಲಿ ಕೊಪ್ಪು ಎಂತ ಬಾಗುಂದಂಡಿ!" ಎಂದು ನಿಮ್ಮ ನೆಗೆಣ್ಣಿಯ ತುರುಬು ಎಷ್ಟು ಚಂದ ಅನ್ನುವುದನ್ನು ನನಗೇ ಹೇಳುತ್ತಿದ್ದರು. ಮೇಲೆ ಒಂದು ಗಾದೆ: "ಜುಟ್ಟುನ್ನಮ್ಮ ಏ ಕೊಪ್ಪು ಪೆಟ್ಟಿನಾ ಅಂದಮೇ." ಕೂದಲಿದ್ದವಳು ಯಾವ ತುರುಬು ಹಾಕಿದರೂ ಚಂದವೇ ಅಂತೆ. ಈ ಗಾದೆ ನಮ್ಮಲ್ಲೂ ಇದೆ ತಾಯೀ, ಎರಡು ಭಾಷೆಯಲ್ಲಿ ಯಾಕೆ ಚುಚ್ಚುತ್ತೀರಿ ಅನ್ನಬೇಕೆನಿಸುತ್ತಿತ್ತು. ಹಲ್ಲು ಕಿರಿದು ಒಳಗೆ ಹೋಗುತ್ತಿದ್ದೆ. ಯಜಮಾನರೂ ಒಮ್ಮೆ, "ರೇಣುಕಾನ್ನ ನೋಡು, ಐದು ಮಿನಿಟಿನ್ಯಾಗ ಎಷ್ಟು ಛಂದ ತಯಾರಾಗ್ತಾಳ" ಅಂದರು. ಅವತ್ತು ಅವರ ಡಬ್ಬಿಗೆ ಶೇಂಗಾ ಚಟ್ನಿ ಬೀಳಲಿಲ್ಲ.

ನಾನೇನು ಕೈಕಟ್ಟಿ ಕೂತವಳಲ್ಲ. ಮೊಬೈಲಿನಲ್ಲಿ ಹುಡುಕಿದರೆ ಮನೆಯಲ್ಲೇ ಸುಲಭವಾಗಿ ತುರುಬು ಕಟ್ಟುವುದನ್ನು ಕಲಿಸುವ ಹುಡುಗಿಯರಿಗೆ ಬರವಿಲ್ಲ. ಕೂದಲನ್ನು ಹಿಂದಕ್ಕೆ ತನ್ನಿ, ಹುರಿ ಮಾಡಿ, ಸುತ್ತಿ, ತುದಿಯನ್ನು ಒಳಗೆ ತೂರಿಸಿ, ಎರಡು ಪಿನ್ನು ಚುಚ್ಚಿ, ಆಯಿತು ಅನ್ನುತ್ತಾರೆ. ಮೊದಲು ಮೊಣಕೈ ಗಾತ್ರದ ಕೂದಲು ಬೇಕು ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ನಾನು ಸುತ್ತಿದ್ದು ನಿಂಬೆಹಣ್ಣಿನಷ್ಟಾಯಿತು. ಒಬ್ಬಳು ಕಾಲುಚೀಲವನ್ನು ಸುರುಳಿ ಸುತ್ತಿ ಒಳಗಿಟ್ಟುಕೊಂಡರೆ ತುರುಬು ದಪ್ಪ ಕಾಣುತ್ತದೆ ಅಂದಳು. ಇಟ್ಟುಕೊಂಡೆ. ಕನ್ನಡಿಯಲ್ಲಿ ರೇಣುಕಾಳನ್ನೂ ಮೀರಿಸಿದ್ದೆ. ಮೆಟ್ರೋ ಸ್ಟೇಷನ್ನಿನ ಮೆಟ್ಟಿಲ ಮೇಲೆ ಅದು ಪುಳಕ್ಕನೆ ಜಾರಿ ಬಿತ್ತು. ಹಿಂದೆ ಬರುತ್ತಿದ್ದ ಯಜಮಾನರು ಎತ್ತಿಕೊಂಡು, ಹಿಂದೆಮುಂದೆ ನೋಡಿ, "ಇದು ನಂದಲ್ಲೇನು?" ಅಂದರು.

ನನಗೆ ಹುಟ್ಟಿನಿಂದಲೇ ಕೂದಲಿಲ್ಲ ಅಂದುಕೊಂಡಿರೇನು? ಸೋಫಾದ ಮೇಲಿನ ಗೋಡೆಯಲ್ಲಿ ನನ್ನ ಮದುವೆಯ ಫೋಟೊ ಇದೆ. ಜಡೆ ಮುಂದಕ್ಕೆ ಬಂದು ಮಡಿಲಲ್ಲಿ ಬಿದ್ದಿದೆ. ಮಗ ಹುಟ್ಟಿದ ಮೇಲೆ ಉದುರಲು ಶುರುವಾಯಿತು. ಆಮೇಲೆ ಈ ಊರಿನ ಬೋರ್ ನೀರು ಉಳಿದ ಕೆಲಸ ಮುಗಿಸಿತು. ಬಾಚಣಿಗೆಯಲ್ಲಿ ಹಿಡಿ ಹಿಡಿ ಬರುತ್ತಿದ್ದಾಗ ಅತ್ತೆ ಪಕ್ಕದಲ್ಲಿ ಕೂತು ಒಂದೊಂದೇ ಎಳೆ ಬಿಡಿಸಿ, ಬೆರಳಿಗೆ ಸುತ್ತಿ, ಬಟ್ಟೆಯ ಚೀಲಕ್ಕೆ ಹಾಕುತ್ತಿದ್ದರು. "ಕೂದಲಾ ಹಂಗ ಚೆಲ್ಲಬಾರ್ದವ್ವ" ಅನ್ನುತ್ತಿದ್ದರು. ನಾನು ಕೊಸರಿಕೊಂಡು ಎದ್ದು, "ಹೋಗ್ಲಿ ಬಿಡ್ರಿ ಅತ್ತಿ, ಇನ್ನೂ ಭಾಳ ಐತಿ" ಅನ್ನುತ್ತಿದ್ದೆ. ಕೂದಲಿಗೆ ಸ್ಟೀಲ್ ಪಾತ್ರೆ ಕೊಡುವವಳು ಓಣಿಗೆ ಬರುತ್ತಿದ್ದಳು. ಅವಳಿಗೆ ಹಾಕಲು ಕೂಡಿಡುತ್ತಿದ್ದಾರೆ ಎಂದುಕೊಂಡಿದ್ದೆ. ರೇಣುಕಾ ಸೊಸೆಯಾಗಿ ಬಂದದ್ದು ಆಮೇಲೆ. ಅತ್ತೆ ಈಗಿಲ್ಲ.

ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ರೇಣುಕಾಳ ಫೋನು ಬಂತು. "ಅಕ್ಕಾ, ಒಂದೀಟು ಕೆಳಗ ಬರ್ರಿ. ಭುಜ ಹಿಡದೈತಿ, ಕೈ ಮ್ಯಾಲೆ ಏಳವಲ್ದು. ತುರುಬು ಕಟ್ಟಿಕೊಡ್ರಿ."

ಪಾಪ ಅನ್ನಿಸಲಿಲ್ಲ. ಸುಳ್ಳು ಯಾಕೆ ಹೇಳಲಿ? ಕೊನೆಗೂ ಆ ಬಾಗಿಲಿನ ಒಳಗೆ ಹೋಗುತ್ತೇನೆ ಅನ್ನುವ ಖುಷಿಗೆ ಒಲೆಯ ಮೇಲಿನ ಹಾಲನ್ನೂ ಮರೆತು ಇಳಿದುಹೋದೆ. ಒಳಗೆ ಹೋದ ಕೂಡಲೇ ಅವಳು, "ಬಾಗಿಲಾ ಹಾಕ್ರಿ" ಅಂದಳು. ಬೀರುವಿನಿಂದ ಒಂದು ಬಟ್ಟೆಯ ಚೀಲ ತೆಗೆದು ನನ್ನ ಕೈಗಿಟ್ಟಳು. ಒಳಗೆ ಉದ್ದನೆಯ, ದಪ್ಪನೆಯ, ಕಪ್ಪು ಚೌರಿ!

ಗಂಟುಹಾಕಿಕೊಂಡ ಕೂದಲು! ಇಷ್ಟು ವರ್ಷ ಈ ಬೇರೆಯವರ ಕೂದಲಿಗೆ ನಾನು ನಿದ್ದೆಗೆಟ್ಟೆನೇ? ಮೊದಲು ಯಜಮಾನರಿಗೆ ಹೇಳಬೇಕು, ಆಮೇಲೆ ತೆಲುಗು ಆಂಟಿಗೆ. ಆಂಟಿಗೆ ಹೇಳಬೇಕಾದ ತೆಲುಗು ವಾಕ್ಯವನ್ನೂ ಮನಸ್ಸಿನಲ್ಲಿ ಜೋಡಿಸಿಕೊಂಡೆ.

"ಎಲ್ಲಿ ತಗೊಂಡೆವ್ವ ಇದನ್ನ?" ಅಂದೆ, ಆದಷ್ಟು ಮೆತ್ತಗೆ.

ರೇಣುಕಾ ತಿರುಗಿ ನನ್ನ ಮುಖ ನೋಡಿದಳು. "ಎಲ್ಲಿ ತಗೊಳ್ಳೂದ್ರಿ ಅಕ್ಕಾ? ನಿಮ್ದ ಅಲ್ಲೇನ್ರಿ?"

ನಾನು ಚೌರಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದೆ.

"ನನ್ನ ಮದುವ್ಯಾಗ ಅತ್ತಿ ಕಟ್ಟಿಸಿಕೊಟ್ರಲ್ರೀ, ನಿಮ್ಮ ಉದುರಿದ ಕೂದಲದಾಗ. ನನ್ನ ಕೂದಲಾ ಮೊದಲಿಂದ್ಲೂ ಹಿಂಗ, ಇಲಿ ಬಾಲ. ಹಿರೇಸೊಸಿದು ಐತಿ, ಪರರದಲ್ಲ, ನಾಚಬ್ಯಾಡ ಅಂದ್ರು. ನಿಮಗೂ ಹೇಳೀನಿ ಅಂದಿದ್ರು." ಆಮೇಲೆ ದನಿ ತಗ್ಗಿಸಿ, "ಇಷ್ಟು ವರ್ಷ ಆತು, ನೀವು ಒಂದಿನಾನೂ ಯಾರ ಮುಂದೂ ಬಾಯಿ ಬಿಡಲಿಲ್ಲ. ಬ್ಯಾರೆ ಯಾರರ ಆಗಿದ್ರ ಊರತುಂಬ ಡಂಗುರ ಸಾರತಿದ್ರು. ನಿಮ್ಮಂಥ ದೊಡ್ಡ ಮನಸು ನಾ ಎಲ್ಲೂ ನೋಡಿಲ್ರಿ ಅಕ್ಕಾ" ಅಂದಳು.

ಕಣ್ಣಲ್ಲಿ ನೀರು ತಂದುಕೊಂಡಿದ್ದಳು. ಡಂಗುರದ ಕೋಲು ನನ್ನ ಕೈಯಲ್ಲೇ ಇತ್ತು, ಮೆಲ್ಲಗೆ ಕೆಳಗಿಟ್ಟೆ. ಅತ್ತೆ ಹೇಳಲು ಮರೆತರೋ, ಬೇಕಂತಲೇ ಹೇಳಲಿಲ್ಲವೋ, ಈಗ ಕೇಳೋಣವೆಂದರೆ ಅವರಿಲ್ಲ. "ಇರಲಿ ಬಿಡವ್ವ, ಮನಿ ಮಾತು" ಅಂದುಬಿಟ್ಟೆ. ಅವಳ ಇಲಿಬಾಲಕ್ಕೆ ಚೌರಿ ಸೇರಿಸಿ, ಹುರಿ ಮಾಡಿ, ಸುತ್ತಿ, ತುದಿ ಒಳಗೆ ತೂರಿಸಿದೆ. ವಿಡಿಯೊದ ಹುಡುಗಿ ಹೇಳಿದ್ದೆಲ್ಲ ಅಕ್ಷರಶಃ ನಿಜ, ಕೂದಲೊಂದು ಇದ್ದರೆ. ಬೆರಳುಗಳಿಗೆ ಆ ತೂಕ ಗೊತ್ತಿತ್ತು.

ಇವತ್ತು ಕಸ ಗುಡಿಸಿ ಮುಗಿಯುವಷ್ಟರಲ್ಲಿ ರೇಣುಕಾ ಮೇಲೆ ಬಂದಳು. "ಅಕ್ಕಾ, ನಂದೊಂದು ಪಿನ್ನ ಇಲ್ಲೆ ಬಿದ್ದೈತೇನ್ರಿ?" ಅವಳನ್ನು ಬಾಗಿಲಲ್ಲೇ ತಿರುಗಿಸಿ ನಿಲ್ಲಿಸಿ ಪಿನ್ನು ಚುಚ್ಚಿದೆ, ಎದ್ದಿದ್ದ ಎಳೆಯೊಂದನ್ನು ಒತ್ತಿ ಕೂರಿಸಿದೆ. ಲಿಫ್ಟಿಗೆ ಕಾಯುತ್ತಿದ್ದ ತೆಲುಗು ಆಂಟಿ ತಮ್ಮ ಹಳೇ ರಾಗ ತೆಗೆದರು. "ಎಂತ ಬಾಗುಂದಂಡಿ!"

"ಔನಂಡಿ," ಅಂದೆ ನಾನು. "ಮಾ ಇಂಟಿ ಜುಟ್ಟು." ನಮ್ಮ ಮನೆಯ ಕೂದಲು. ರೇಣುಕಾ ನಗು ತಡೆದುಕೊಂಡು ಲಿಫ್ಟಿನೊಳಗೆ ಹೋದಳು.

ಒಳಗೆ ಬಂದು ಸೋಫಾ ಮತ್ತೆ ಗೋಡೆಗೆ ತಳ್ಳಿದೆ. ಹೊಟ್ಟೆಕಿಚ್ಚು ಆರಿತೇ ಅಂತೀರಾ? ಎಲ್ಲಿ ಆರುತ್ತದೆ? ರೇಣುಕಾಳ ಮೇಲಿದ್ದದ್ದು ಹೋಯಿತು, ನಿಜ. ಈಗ ಅದು ಆ ಫೋಟೊದಲ್ಲಿ ಜಡೆಯನ್ನು ಮಡಿಲಲ್ಲಿಟ್ಟುಕೊಂಡು ಕೂತವಳ ಮೇಲೆ. ಇನ್ನೂ ಭಾಳ ಐತಿ, ಹೋಗ್ಲಿ ಬಿಡ್ರಿ ಅಂದಳಲ್ಲ, ಅವಳ ಮೇಲೆ.