ಎದಿ ಮ್ಯಾಲಿನ ಕ್ಯಾಮೆರಾ

ಮಾನ್ವಿಯೊಳಗ ನನ್ನದೊಂದು ಫೋಟೊ ಸ್ಟುಡಿಯೋ. ನನ್ನ ದೊಡ್ಡ ಕ್ಯಾಮೆರಾ ಕೆಟ್ಟಿತ್ತು. ರಾಯಚೂರಿಗೆ ರಿಪೇರಿಗೆ ಒಯ್ದರ ಆಗಂಗಿಲ್ಲ ಅಂದರು. ಮರುದಿನ ಹಿರೇಕೊಟ್ನೆಕಲ್‌ದಾಗ ಮದುವಿ. ರಾಯಚೂರಾಗೇ ಒಂದು ಭಾರಿ ತುಟ್ಟಿ ಕ್ಯಾಮೆರಾ ಬಾಡಿಗಿ ತಂದೆ. ಅದನ್ನ ಕೊಳ್ಳಬೇಕಂದ್ರ ಸ್ಟುಡಿಯೋನೇ ಮಾರಬೇಕು. ಮಾರಿದ ಮ್ಯಾಲೆ ಕ್ಯಾಮೆರಾ ಹಿಡ್ಕೊಂಡು ಎಲ್ಲಿ ಕುಂದ್ರಲಿ? ಅಷ್ಟು ಬೆಲಿ ಇದ್ದರೂ ಅದು ಅಂಗೈಯಷ್ಟೇ ಇತ್ತು.

ಮದುಮಗಳ ತಂದಿ ಅದನ್ನ ನೋಡಿ ಮಾರಿ ಸಿಂಡರಿಸಿದರು. "ಇದೇನ್ರಿ, ಆಟಿಗಿ ಸಾಮಾನು ತಂದೀರಿ? ದೊಡ್ಡ ಕ್ಯಾಮೆರಾ ಇಲ್ಲೇನು?"

ಅದರ ಬೆಲಿ ಹೇಳಿದೆ. ನಕ್ಕುಬಿಟ್ಟರು. ಸಿಟ್ಟು ನೆತ್ತಿಗೇರಿತು. ಚೀಲದಾಗಿದ್ದ ಕೆಟ್ಟ ಕ್ಯಾಮೆರಾನ ತಗದು ಕೊರಳಿಗೆ ಹಾಕ್ಕೊಂಡೆ.

"ಹಾಂ, ಈಗ ಬರೋಬ್ಬರಿ ಆತು ನೋಡ್ರಿ," ಅಂದರು ಅವರು.

ಆಲ್ಬಮ್ ಮಾಡುವಾಗ ನೋಡಿದೆ. ಒಂದೊಂದು ಫೋಟೊನೂ ಕನ್ನಡಿಯಂಗ ಸ್ವಚ್ಛ. ಆದ್ರ ಮದುಮಕ್ಕಳು, ಬೀಗರು, ಎಲ್ಲರ ಕಣ್ಣೂ ಸ್ವಲ್ಪ ಕೆಳಗ. ಫೋಟೊ ತಗೀತಿದ್ದ ಕೈಯಾಗಿನ ಸಣ್ಣ ಕ್ಯಾಮೆರಾ ಬಿಟ್ಟು, ನನ್ನ ಎದಿ ಮ್ಯಾಲೆ ಜೋತುಬಿದ್ದದ್ದನ್ನ ನೋಡಿ ನಕ್ಕಿದ್ದರು. ನಾನು ಬಾಡಿಗಿ ಕೊಟ್ಟದ್ದು ಯಾತಕ್ಕಂತ ಇನ್ನೂ ತಿಳೀವಲ್ದು.

ಮದುಮಗಳ ತಂದಿ ಮಾತ್ರ ಆಲ್ಬಮ್ ಮ್ಯಾಲೆ ಕೈಯಾಡಿಸಿ ಅಂದರು: "ನೋಡ್ರಿ, ದೊಡ್ಡ ಕ್ಯಾಮೆರಾದ ಫೋಟೊನೇ ಬ್ಯಾರೆ."