ನಿಂತವರ ಬ್ಯಾಗು

ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ಬೆಳಗಿನ ಬಸ್ಸಿನಲ್ಲಿ, ಡಿಗ್ರಿ ಕೊನೆಯ ವರ್ಷದ ಸುಹೈಬನ ಮುಖವನ್ನು ಪೂರ್ತಿ ಕಂಡವರು ಕಡಿಮೆ. ಬಸ್ಸು ಹೊರಡುವಲ್ಲೇ ಹತ್ತುವುದರಿಂದ ಅವನಿಗೆ ಸೀಟು ಖಾಯಂ. ನಿಂತವರ ಬ್ಯಾಗನ್ನು ಕೂತವರು ಹಿಡಿಯಬೇಕೆಂಬುದು ನಮ್ಮ ಕಡೆಯ ಬಸ್ಸುಗಳ ಮರ್ಯಾದೆ. ಹಾಗಾಗಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಶಾಲೆಮಕ್ಕಳ ಬ್ಯಾಗು, ಟೀಚರ ಬುತ್ತಿಚೀಲ, ಯಾರದೋ ಮಲ್ಲಿಗೆಯ ಕಟ್ಟು ಎಲ್ಲ ಅವನ ತೊಡೆಯಿಂದ ಗಲ್ಲದವರೆಗೆ ಏರಿರುತ್ತವೆ. ಆ ರಾಶಿಯ ಹಿಂದೆ ಆಕಳಿಸುತ್ತಾ ಅವನು ಬದುಕಿನ ಬಗ್ಗೆ ಯೋಚಿಸುತ್ತಾನೆ. "ಮನುಷ್ಯ ದುಡಿಯುವುದು ಯಾಕೆ ಸರ್?" ಎಂದು ಪಕ್ಕದಲ್ಲಿ ಕೂತ ನನ್ನನ್ನು ಕೇಳುತ್ತಾನೆ, ಎಷ್ಟೋ ವರ್ಷದಿಂದ ಅದೇ ಬಸ್ಸಿನಲ್ಲಿ ಆಫೀಸಿಗೆ ಹೋಗುವ ನಾನು ಕಿಟಕಿಯ ಹೊರಗೆ ನೋಡುತ್ತೇನೆ. ಕಂಡಕ್ಟರ್ "ಮುಂದೆ ಎಂತ ಮಾಡ್ತಿ ಮಾರಾಯ?" ಎಂದರೆ "ನೋಡುವ" ಎನ್ನುತ್ತಾನೆ, ಮನೆಯಲ್ಲಿ ಅಪ್ಪ ಕೇಳಿದರೂ ಅದೇ "ನೋಡುವ" ಅಂತೆ. ಪರೀಕ್ಷೆ ಮುಗಿದು ವಾರ ಕಳೆದ ಮೇಲೆ, ನಿನ್ನೆ ನೋಡಿದರೆ ಅದೇ ಸೀಟಿನಲ್ಲಿದ್ದಾನೆ. "ಕಾಲೇಜು ಮುಗಿಯಿತಲ್ಲ, ಇನ್ನು ಎಲ್ಲಿಗೆ?" ಎಂದೆ. "ಎಲ್ಲಿಗೂ ಇಲ್ಲ ಸರ್. ಮನೆಯಲ್ಲಿ ಕೂತ್ರೆ ಎಲ್ಲರೂ ಕೇಳ್ತಾರೆ." ಅವನದೆಂದು ಒಂದು ಬ್ಯಾಗೂ ಇರಲಿಲ್ಲ. ಖಾಲಿ ತೊಡೆಯನ್ನು ಸ್ವಲ್ಪ ಹೊತ್ತು ನೋಡಿಕೊಂಡವನು, ಎದುರು ನಿಂತಿದ್ದ ಶಾಲೆಯ ಹುಡುಗಿಯತ್ತ ಕೈಚಾಚಿದ: "ಬ್ಯಾಗು ಕೊಡು, ನಾನು ಹಿಡಿಯುತ್ತೇನೆ."